ಬಿಡ್ಡಿ ಮೇಸನ್: ಆಸ್ತಿಯಾಗಿದ್ದವರು ಒಡತಿಯಾದರು

ಅಕೌಂಟೆನ್ಸಿ ತರಗತಿಯಲ್ಲಿ ಭೂಮಿ, ಕಟ್ಟಡ, ಯಂತ್ರಗಳನ್ನು ಆಸ್ತಿ ಎಂದು ಬರೆಯುತ್ತೇವೆ. 19ನೇ ಶತಮಾನದ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಜಮೀನುದಾರರು ಆ ಪಟ್ಟಿಯಲ್ಲಿ ಮನುಷ್ಯರನ್ನೂ ಸೇರಿಸುತ್ತಿದ್ದರು. ಹಾಗೆ ಇನ್ನೊಬ್ಬರ ಆಸ್ತಿಯಾಗಿ ಹುಟ್ಟಿ, ಮುಂದೆ ಲಾಸ್ ಏಂಜಲೀಸ್ ನಗರದಲ್ಲಿ ತಮ್ಮದೇ ಭೂಮಿಗೆ ಒಡತಿಯಾದವರು ಬಿಡ್ಡಿ ಮೇಸನ್.

ಅವರು ಹುಟ್ಟಿದ್ದು 1818ರಲ್ಲಿ, ಗುಲಾಮಳಾಗಿ. ಓದು ಬರಹ ಕಲಿಯುವ ಅವಕಾಶ ಸಿಗಲಿಲ್ಲ. ಆದರೆ ಗಿಡಮೂಲಿಕೆ ಔಷಧಿ ಮತ್ತು ಹೆರಿಗೆ ಮಾಡಿಸುವ ವಿದ್ಯೆ ಕೈಗೆ ಬಂತು. ಕನ್ನಡದಲ್ಲಿ ಸೂಲಗಿತ್ತಿ, ನಮ್ಮ ಮನೆಮಾತಿನಲ್ಲಿ ದಾಯಿ ಎನ್ನುವ ಕೆಲಸ ಅದು.

1848ರಲ್ಲಿ ಅವರ ಯಜಮಾನ ರಾಬರ್ಟ್ ಸ್ಮಿತ್ ಮಿಸಿಸಿಪ್ಪಿ ಬಿಟ್ಟು ಪಶ್ಚಿಮದ ಯೂಟಾ ಕಡೆಗೆ ಹೊರಟ. ಗಾಡಿಗಳ ಸಾಲಿನ ಹಿಂದೆ ದನಗಳನ್ನು ಹೊಡೆದುಕೊಂಡು ಬಿಡ್ಡಿ ಸುಮಾರು 2,700 ಕಿಲೋಮೀಟರ್ ನಡೆದರು. ಜೊತೆಗೆ ಮೂವರು ಹೆಣ್ಣುಮಕ್ಕಳು: ಎಲೆನ್, ಆನ್ ಮತ್ತು ಇನ್ನೂ ಹಾಲು ಕುಡಿಯುವ ಕೂಸು ಹ್ಯಾರಿಯೆಟ್. ದಾರಿಯಲ್ಲಿ ಅಡುಗೆಯೂ ಹೆರಿಗೆಯ ಆರೈಕೆಯೂ ಅವರದೇ ಪಾಲಿಗೆ ಬಂದವು.

1851ರಲ್ಲಿ ಸ್ಮಿತ್ ಎಲ್ಲರನ್ನೂ ಕ್ಯಾಲಿಫೋರ್ನಿಯಾಕ್ಕೆ ಕರೆತಂದ. ಆ ರಾಜ್ಯದ ಸಂವಿಧಾನ ಗುಲಾಮಗಿರಿಯನ್ನು ಒಪ್ಪುತ್ತಿರಲಿಲ್ಲ. ಆದರೂ ಅವನು ಇವರನ್ನು ಬಿಡಲಿಲ್ಲ. 1855ರ ಕೊನೆಗೆ ಗುಲಾಮಗಿರಿ ಇದ್ದ ಟೆಕ್ಸಾಸ್‌ಗೆ ಇವರನ್ನು ಸಾಗಿಸಲು ಸಿದ್ಧನಾದ. ಅಲ್ಲಿಗೆ ಹೋಗಿದ್ದರೆ ಮಕ್ಕಳ ಬದುಕೂ ಗುಲಾಮಗಿರಿಯಲ್ಲೇ ಮುಗಿಯುತ್ತಿತ್ತೇನೋ. ಆಗ ನೆರವಿಗೆ ಬಂದವರು ಲಾಸ್ ಏಂಜಲೀಸ್‌ನಲ್ಲಿ ಕುದುರೆ ವ್ಯಾಪಾರ ಮಾಡುತ್ತಿದ್ದ ಸ್ವತಂತ್ರ ಕಪ್ಪು ವ್ಯಕ್ತಿ ರಾಬರ್ಟ್ ಓವೆನ್ಸ್. ಅವರ ಮಗ ಚಾರ್ಲ್ಸ್‌ಗೆ ಎಲೆನ್ ಮೇಲೆ ಪ್ರೀತಿಯಿತ್ತು. ಓವೆನ್ಸ್ ಮೂಲಕ ವಿಷಯ ನ್ಯಾಯಾಲಯಕ್ಕೆ ಹೋಯಿತು.

ಅಂದಿನ ಕಾನೂನಿನ ಪ್ರಕಾರ ಬಿಳಿಯರ ವಿರುದ್ಧ ಕಪ್ಪು ಜನರು ಸಾಕ್ಷಿ ಹೇಳುವಂತಿರಲಿಲ್ಲ. ನ್ಯಾಯಾಧೀಶ ಬೆಂಜಮಿನ್ ಹೇಯ್ಸ್ ಬಿಡ್ಡಿಯವರನ್ನು ತಮ್ಮ ಕೊಠಡಿಗೆ ಕರೆಸಿ ಮಾತು ಕೇಳಿದರು. 1856ರ ಜನವರಿಯಲ್ಲಿ ಬಿಡ್ಡಿ ಮತ್ತು ಮಕ್ಕಳು ಸೇರಿ 14 ಜನರಿಗೆ ಬಿಡುಗಡೆಯಾಯಿತು. ಎಲೆನ್ ಮುಂದೆ ಓವೆನ್ಸ್ ಮನೆಯ ಸೊಸೆಯಾದರು.

ಬಿಡುಗಡೆಯಾದಾಗ ಬಿಡ್ಡಿಯವರ ಕೈಯಲ್ಲಿ ಹಣವಿರಲಿಲ್ಲ, ವಿದ್ಯೆ ಇತ್ತು. ಡಾಕ್ಟರ್ ಜಾನ್ ಗ್ರಿಫಿನ್ ಬಳಿ ದಿನಕ್ಕೆ 2.50 ಡಾಲರ್ ಕೂಲಿಗೆ ಸೇರಿದರು. ಬಡವರು, ಶ್ರೀಮಂತರು ಎನ್ನದೆ ನೂರಾರು ಹೆರಿಗೆ ಮಾಡಿಸಿದರು. 1866ರಲ್ಲಿ ಸ್ಪ್ರಿಂಗ್ ಸ್ಟ್ರೀಟ್‌ನಲ್ಲಿ 250 ಡಾಲರ್ ಕೊಟ್ಟು ಜಾಗ ಕೊಂಡರು. ಲೆಕ್ಕ ಹಾಕಿದರೆ ಅದು 100 ದಿನದ ಕೂಲಿ. ಆದರೆ ಮಕ್ಕಳ ಊಟ ಬಟ್ಟೆ ನೋಡಿಕೊಂಡು ಅಷ್ಟನ್ನು ಕೂಡಿಡಲು 10 ವರ್ಷ ಹಿಡಿಯಿತು.

ಆಗ ಆ ಜಾಗ ಊರಿನ ಅಂಚಿನಲ್ಲಿತ್ತು. ರೈಲು ಬಂದ ಮೇಲೆ ಊರು ಬೆಳೆಯಿತು, ಬೆಲೆ ಏರಿತು. ಬಿಡ್ಡಿ ಆತುರಪಡಲಿಲ್ಲ. 1884ರಲ್ಲಿ ಒಂದು ಭಾಗವನ್ನು ಮಾತ್ರ 1,500 ಡಾಲರ್‌ಗೆ ಮಾರಿದರು. ಉಳಿದ ಜಾಗದಲ್ಲಿ ಕಟ್ಟಡ ಕಟ್ಟಿಸಿ, ಕೆಳಗಿನ ಅಂಗಡಿಗಳನ್ನು ಬಾಡಿಗೆಗೆ ಕೊಟ್ಟು ಮೇಲೆ ತಾವು ವಾಸವಾದರು. ಪತ್ರಗಳಿಗೆ ಸಹಿಯ ಬದಲು ಗುರುತು ಹಾಕುತ್ತಿದ್ದವರು ಇಷ್ಟನ್ನು ಮಾಡಿದರು.

ಬಂದ ಹಣ ಅವರ ಮನೆಯೊಳಗೇ ಉಳಿಯಲಿಲ್ಲ. 1872ರಲ್ಲಿ ನಗರದ ಕಪ್ಪು ಜನರ ಮೊದಲ ಚರ್ಚ್ ಅವರ ಮನೆಯಲ್ಲೇ ಶುರುವಾಯಿತು. ಜೈಲಿಗೆ ಹೋಗಿ ಕೈದಿಗಳನ್ನು ನೋಡಿ ಬರುತ್ತಿದ್ದರು. 1880ರ ದಶಕದಲ್ಲಿ ನೆರೆ ಬಂದಾಗ, ಮನೆ ಕಳೆದುಕೊಂಡವರಿಗೆ ದಿನಸಿ ಅಂಗಡಿಯಲ್ಲಿ ತಮ್ಮ ಹೆಸರಿನಲ್ಲಿ ಖಾತೆ ತೆರೆಸಿದರು. ಬೇಕಾದ ಸಾಮಾನನ್ನು ಅವರು ಒಯ್ಯಬಹುದಿತ್ತು, ಹಣ ಕಟ್ಟುವುದು ಬಿಡ್ಡಿಯವರ ಪಾಲು. ಊರಿನವರು ಅವರನ್ನು ಅಜ್ಜಿ ಎಂದೇ ಕರೆಯುತ್ತಿದ್ದರು.

1891ರ ಜನವರಿ 15ರಂದು ಅವರು ತೀರಿಕೊಂಡರು. ಎಲೆನ್ ಅವರ ಮಗ ರಾಬರ್ಟ್ ಕರಿ ಓವೆನ್ಸ್ ಆಸ್ತಿಯನ್ನು ಇನ್ನೂ ಬೆಳೆಸಿ ನಗರದ ಶ್ರೀಮಂತರಲ್ಲಿ ಒಬ್ಬರಾದರು. ಆದರೂ ಅಜ್ಜಿಯ ಸಮಾಧಿಗೆ ಹೆಸರಿನ ಕಲ್ಲು ನಿಂತದ್ದು 1988ರಲ್ಲಿ. ಇಂದು ಸ್ಪ್ರಿಂಗ್ ಸ್ಟ್ರೀಟ್ ಪಕ್ಕದಲ್ಲಿ ಅವರ ಹೆಸರಿನ ಪುಟ್ಟ ಉದ್ಯಾನವಿದೆ.

ಸ್ನೇಹಿತರೇ, ಉಳಿತಾಯ, ಹೂಡಿಕೆ, ಬಾಡಿಗೆ ಎಂಬ ಪದಗಳನ್ನು ನಾವು ಪರೀಕ್ಷೆಗಾಗಿ ಓದುತ್ತೇವೆ. ಬಿಡ್ಡಿ ಅವನ್ನು ಪುಸ್ತಕವಿಲ್ಲದೆ ಕಲಿತರು. ತಮ್ಮ ಮಕ್ಕಳನ್ನು ಇನ್ನು ಯಾರೂ ಯಾವ ಲೆಕ್ಕದ ಪುಸ್ತಕದಲ್ಲೂ ಬರೆದುಕೊಳ್ಳಬಾರದು ಎಂಬುದೇ ಅವರ ದೊಡ್ಡ ಸಂಪಾದನೆ.