ವಿದುಷಿ ನಂಜನಗೂಡು ತಿರುಮಲಾಂಬಾ

ಕಪಿಲಾತೀರದ ನಂಜನಗೂಡು ಶ್ರೀಕಂಠೇಶ್ವರನ ಸನ್ನಿಧಿಯಿಂದ ಪುಣ್ಯಕ್ಷೇತ್ರವೆನಿಸಿರುವಂತೆಯೇ, ಹೊಸಗನ್ನಡದ ಪ್ರಥಮ ಕಾದಂಬರಿಕಾರ್ತಿಯ ಜನ್ಮಸ್ಥಳವಾಗಿಯೂ ಸ್ಮರಣೀಯವಾಗಿದೆ. ಅಲ್ಲಿನ ವಕೀಲರಾದ ವೆಂಕಟಕೃಷ್ಣ ಅಯ್ಯಂಗಾರ್ಯರ ಸುಪುತ್ರಿಯಾಗಿ ತಿರುಮಲಾಂಬಾ 1887ರಲ್ಲಿ ಜನಿಸಿದರು. ಮನೆಮಾತು ತಮಿಳು, ಮನೆತನ ಆಚಾರನಿಷ್ಠ ಶ್ರೀವೈಷ್ಣವರದು.

ಹತ್ತನೆಯ ವಯಸ್ಸಿಗೆ ಅವರ ವಿವಾಹ ನೆರವೇರಿತು. ಮೈಸೂರು ಸರ್ಕಾರವು 1894ರಲ್ಲಿಯೇ ಶಾಸನವೊಂದನ್ನು ವಿಧಿಸಿ, ಎಂಟು ವರ್ಷ ತುಂಬದ ಹೆಣ್ಣುಮಗುವಿನ ವಿವಾಹವನ್ನು ನಿಷೇಧಿಸಿತ್ತು. ನಂಜನಗೂಡಿಗೂ ನಮ್ಮ ಮಾಗಡಿಗೂ ಸಮಾನವಾಗಿ ಅನ್ವಯಿಸಿದ ಈ ಕಾಯಿದೆಯು ಅಂದಿಗೆ ದಿಟ್ಟ ಸುಧಾರಣೆಯೇ ಸರಿ. ಆದರೆ ಹತ್ತು ವರ್ಷದ ಬಾಲೆ ಅದರ ರಕ್ಷಣೆಯ ಹೊರಗೇ ಉಳಿದಳು. ಹದಿನಾಲ್ಕನೆಯ ವಯಸ್ಸಿಗೆ ವೈಧವ್ಯವೂ ಒದಗಿತು.

ಸಮೀಪದ ಮೈಸೂರಿನಲ್ಲಿ ಮಹಾರಾಣಿಯವರ ಬಾಲಿಕಾ ಪಾಠಶಾಲೆಯು 1881ರಲ್ಲಿಯೇ ಆರಂಭವಾಗಿತ್ತು. ಆದರೆ ಬಾಲವಿಧವೆ ಹೊಸಿಲು ದಾಟುವುದನ್ನು ಆ ಕಾಲದ ಸಮಾಜ ಸಹಿಸುತ್ತಿರಲಿಲ್ಲ. ಇಂತಹ ಸ್ಥಿತಿಯಲ್ಲಿ ತಂದೆಯೇ ಗುರುವಾದುದು ಕನ್ನಡದ ಭಾಗ್ಯ. ಮಗಳನ್ನು ಮೂಲೆಯಲ್ಲಿ ಕೂರಿಸದೆ ಅವರು ಅವಳ ಕೈಗೆ ಗ್ರಂಥಗಳನ್ನಿತ್ತರು. ಕಲಿತದ್ದನ್ನು ತಿರುಮಲಾಂಬಾ ತಮ್ಮಲ್ಲಿಯೇ ಇರಿಸಿಕೊಳ್ಳಲಿಲ್ಲ. ನೆರೆಹೊರೆಯ ಹೆಣ್ಣುಮಕ್ಕಳನ್ನು ಮನೆಗೆ ಕರೆದು ಪಾಠ ಹೇಳಿದರು.

1913ರಲ್ಲಿ ಅವರು 'ಸತೀಹಿತೈಷಿಣೀ' ಗ್ರಂಥಮಾಲೆಯನ್ನು ಸ್ಥಾಪಿಸಿದರು. ಅದರ ಪ್ರಥಮ ಕುಸುಮವೇ 'ಸುಶೀಲೆ' ಎಂಬ ಕಾದಂಬರಿ. ಬಳಿಕ 'ಕರ್ನಾಟಕ ನಂದಿನಿ' ಪತ್ರಿಕೆಯನ್ನು ನಡೆಸಿ ಕನ್ನಡದ ಮೊದಲ ಪತ್ರಿಕಾ ಸಂಪಾದಕಿಯೆನಿಸಿದರು. ಬರೆಯುವುದು, ಪ್ರಕಟಿಸುವುದು, ಓದುಗರನ್ನು ಹುಡುಕುವುದು ಎಲ್ಲವೂ ಆ ಒಬ್ಬ ವಿಧವೆಯ ಹೆಗಲ ಮೇಲೆ!

ಅವರ ನಾಯಕಿಯರು ಪಾತಿವ್ರತ್ಯವನ್ನು ಬಿಟ್ಟವರಲ್ಲ. ಈ ಕಾರಣದಿಂದಲೇ ಅವರನ್ನು ಕೇವಲ ಸಂಪ್ರದಾಯಶರಣೆಯೆಂದು ಹಗುರವಾಗಿ ಕಾಣುವವರುಂಟು. ಇದು ಅರ್ಧ ಸತ್ಯ. ಹೆಣ್ಣು ಓದಿದರೆ ಮನೆ ಕೆಡುವುದೆಂದು ಹೆದರಿದ್ದ ಕುಟುಂಬಗಳಲ್ಲಿ ಹಿರಿಯರು ಮಗಳ ಕೈಗೆ ಯಾವ ಪುಸ್ತಕವನ್ನು ಕೊಟ್ಟಾರು? 'ಸತೀಹಿತೈಷಿಣೀ' ಎಂಬ ಹೆಸರೇ ಆ ಬಾಗಿಲಿನ ಕೀಲಿಕೈ. ಮನೆಯೊಳಗೆ ಪ್ರವೇಶ ದೊರೆತ ಮೇಲೆ ಓದುವ ಅಭ್ಯಾಸವು ತನ್ನ ಕಾರ್ಯವನ್ನು ತಾನೇ ಮಾಡುತ್ತದೆ. ಆದರೂ ಗೃಹಧರ್ಮದ ಆದರ್ಶವನ್ನು ಅಷ್ಟು ನಿಷ್ಠೆಯಿಂದ ಬರೆದಾಕೆಗೆ ಸಂಸಾರಸುಖವೇ ಲಭಿಸದಿದ್ದುದು ಮನಸ್ಸನ್ನು ಕಲಕುವ ಸಂಗತಿ.

ನಡುವಯಸ್ಸಿನ ತರುವಾಯ ಅವರ ಲೇಖನಿ ಮೌನವಾಯಿತು. ಮದರಾಸಿನಲ್ಲಿ ಅಜ್ಞಾತವಾಸದಂತೆ ದಶಕಗಳು ಕಳೆದವು. ಸಾಹಿತ್ಯಲೋಕ ಅವರನ್ನು ಬಹುಮಟ್ಟಿಗೆ ಮರೆಯಿತು. ಜೀವನದ ಕೊನೆಯಲ್ಲಿ ಹೊಸ ತಲೆಮಾರಿನ ಲೇಖಕಿಯರು ಹುಡುಕಿಕೊಂಡು ಹೋಗಿ ಆ ವೃದ್ಧೆಯನ್ನು ಕಂಡರು. 1982ರಲ್ಲಿ ತಿರುಮಲಾಂಬಾ ದಿವಂಗತರಾದರು. ಅನಂತರ ಬೆಂಗಳೂರಿನ 'ಶಾಶ್ವತಿ' ಸಂಸ್ಥೆಯು ಅವರ ಹೆಸರಿನಲ್ಲಿ ಲೇಖಕಿಯರಿಗೆ ಪ್ರಶಸ್ತಿಯೊಂದನ್ನು ಸ್ಥಾಪಿಸಿತು.