ಮಾರ್ಗರೆಟ್ ಮ್ಯೂರಿ

ಮಾರ್ಗರೆಟ್ ಥಾಮಸ್ ಮ್ಯೂರಿ (ಆಗಸ್ಟ್ 18, 1902 – ಅಕ್ಟೋಬರ್ 19, 2003) ಅಮೆರಿಕದ ಲೇಖಕಿ ಹಾಗೂ ವನ್ಯಪ್ರದೇಶ ಸಂರಕ್ಷಣಾ ಚಳವಳಿಯ ಪ್ರಮುಖರಲ್ಲಿ ಒಬ್ಬರು. ಆಪ್ತರ ವಲಯದಲ್ಲಿ 'ಮಾರ್ಡಿ' ಎಂದೇ ಪರಿಚಿತರಾಗಿದ್ದ ಇವರು, ಅಲಾಸ್ಕಾದ ಆರ್ಕ್ಟಿಕ್ ವನ್ಯಜೀವಿ ಆಶ್ರಯತಾಣದ ಸ್ಥಾಪನೆಗೆ ಪತಿಯೊಡನೆ ಶ್ರಮಿಸಿದರು.

ಬಾಲ್ಯ ಮತ್ತು ಶಿಕ್ಷಣ

ಸಿಯಾಟಲ್ ನಗರದಲ್ಲಿ ಜನಿಸಿದ ಮಾರ್ಗರೆಟ್ ಒಂಬತ್ತನೆಯ ವಯಸ್ಸಿನಲ್ಲಿ ಕುಟುಂಬದೊಡನೆ ಅಲಾಸ್ಕಾದ ಫೇರ್‌ಬ್ಯಾಂಕ್ಸ್‌ಗೆ ಬಂದರು. ಅದು ಆಗ ಚಿನ್ನದ ಗಣಿಗಾರಿಕೆಯಿಂದ ಬೆಳೆದಿದ್ದ ಸಣ್ಣ ಊರು. 1924ರಲ್ಲಿ ಅಲ್ಲಿನ ಕೃಷಿ ಮತ್ತು ಗಣಿ ಕಾಲೇಜಿನಿಂದ (ಇಂದಿನ ಅಲಾಸ್ಕಾ ವಿಶ್ವವಿದ್ಯಾಲಯ) ಪದವಿ ಪಡೆದರು. ಆ ಸಂಸ್ಥೆಯ ಪದವಿ ಪಡೆದ ಪ್ರಥಮ ಮಹಿಳೆ ಇವರೇ.

ವಿವಾಹ ಮತ್ತು ಸಾಹಸಯಾತ್ರೆಗಳು

ಅದೇ ವರ್ಷದ ಆಗಸ್ಟ್‌ನಲ್ಲಿ, ಯೂಕಾನ್ ನದೀತೀರದ ಆ್ಯನ್ವಿಕ್ ಎಂಬ ಹಳ್ಳಿಯಲ್ಲಿ, ವನ್ಯಜೀವಿ ವಿಜ್ಞಾನಿ ಓಲಾಸ್ ಮ್ಯೂರಿಯವರೊಡನೆ ಬೆಳಗಿನ ಜಾವ ಇವರ ವಿವಾಹ ನೆರವೇರಿತು. ಓಲಾಸ್ ಕ್ಯಾರಿಬೂ ಜಿಂಕೆಗಳ ಅಧ್ಯಯನದಲ್ಲಿ ನಿರತರಾಗಿದ್ದರು. ಹೀಗಾಗಿ ನವದಂಪತಿಗಳ ಮಧುಚಂದ್ರವೇ ಸಂಶೋಧನಾ ಯಾತ್ರೆಯಾಯಿತು. ದೋಣಿಯಲ್ಲೂ ನಾಯಿಗಳು ಎಳೆಯುವ ಹಿಮಬಂಡಿಯಲ್ಲೂ ಅವರು ನೂರಾರು ಮೈಲಿ ಕ್ರಮಿಸಿದರು. 1926ರಲ್ಲಿ ಎಳೆಯ ಮಗ ಮಾರ್ಟಿನ್‌ನನ್ನೂ ಕರೆದುಕೊಂಡು ಓಲ್ಡ್ ಕ್ರೋ ನದಿಯಲ್ಲಿ ಸಾಗಿದರು. ದಾರಿಯಲ್ಲಿ ದೋಣಿಯ ಎಂಜಿನ್ ಕೆಟ್ಟುಹೋದರೂ ಹಿಂದಿರುಗದೆ, ಉದ್ದನೆಯ ಗಳುವಿನಿಂದ ದೋಣಿಯನ್ನು ಪ್ರವಾಹದ ವಿರುದ್ಧ ನೂಕುತ್ತ ಮುಂದುವರಿದರು.

1927ರಲ್ಲಿ ಕುಟುಂಬವು ವಯೋಮಿಂಗ್ ರಾಜ್ಯದ ಜಾಕ್ಸನ್‌ಗೆ ಸ್ಥಳಾಂತರಗೊಂಡಿತು. ಎಲ್ಕ್ ಜಿಂಕೆಗಳ ಅಧ್ಯಯನಕ್ಕಾಗಿ ಬೇಸಿಗೆಗಳಲ್ಲಿ ಮೂವರು ಮಕ್ಕಳೊಡನೆ ಪರ್ವತ ಶಿಬಿರಗಳಲ್ಲಿ ವಾಸಿಸಿದರು.

ಸಂರಕ್ಷಣಾ ಕಾರ್ಯ

1945ರಲ್ಲಿ ಓಲಾಸ್ ವೈಲ್ಡರ್‌ನೆಸ್ ಸೊಸೈಟಿಯ ನಿರ್ದೇಶಕರಾದರು. ಮೂಸ್ ಎಂಬಲ್ಲಿದ್ದ ದಂಪತಿಗಳ ಮನೆಯು ಚಳವಳಿಯ ಕೇಂದ್ರವಾಯಿತು. 1956ರಲ್ಲಿ ಬ್ರೂಕ್ಸ್ ಪರ್ವತಶ್ರೇಣಿಯ ಶೀನ್‌ಜೆಕ್ ನದೀಕಣಿವೆಗೆ ಅವರು ಅಧ್ಯಯನ ತಂಡದೊಡನೆ ತೆರಳಿದರು. ಮುಂದೆ ಮಧ್ಯಪ್ರದೇಶದ ಕಾನ್ಹಾದಲ್ಲಿ ಹುಲಿಗಳ ಕುರಿತು ಸಂಶೋಧನೆ ನಡೆಸಿ ಪ್ರಸಿದ್ಧರಾದ ಜಾರ್ಜ್ ಶಾಲರ್ ಆಗ ವಿದ್ಯಾರ್ಥಿಯಾಗಿ ಆ ತಂಡದಲ್ಲಿದ್ದರು. ಈ ಯಾತ್ರೆ ಹಾಗೂ ಅನಂತರದ ಪ್ರಚಾರಕಾರ್ಯದ ಫಲವಾಗಿ, 1960ರ ಡಿಸೆಂಬರ್‌ನಲ್ಲಿ ಐಸೆನ್‌ಹೋವರ್ ಸರ್ಕಾರವು ಸುಮಾರು 89 ಲಕ್ಷ ಎಕರೆ ಪ್ರದೇಶವನ್ನು ಸಂರಕ್ಷಿತವೆಂದು ಘೋಷಿಸಿತು.

1963ರಲ್ಲಿ ಓಲಾಸ್ ನಿಧನರಾದರು. ಮರುವರ್ಷ ಅಧ್ಯಕ್ಷ ಲಿಂಡನ್ ಜಾನ್ಸನ್ ವನ್ಯಪ್ರದೇಶ ಕಾಯಿದೆಗೆ ಸಹಿ ಹಾಕಿದಾಗ, ಪತಿ ದುಡಿದ ಆ ಕಾಯಿದೆಯ ಜಾರಿಗೆ ಮಾರ್ಗರೆಟ್ ಒಬ್ಬರೇ ಸಾಕ್ಷಿಯಾದರು. ದುಃಖವನ್ನು ನುಂಗಿಕೊಂಡು ಅವರು ಭಾಷಣ, ಪತ್ರ, ಲೇಖನಗಳ ಮೂಲಕ ಹೋರಾಟ ಮುಂದುವರಿಸಿದರು. ಅಲಾಸ್ಕಾದ ಭೂಮಿಗಳ ಕುರಿತು ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆಯೂ ಸಾಕ್ಷ್ಯ ನುಡಿದರು. 1980ರ ಅಲಾಸ್ಕಾ ಭೂಸಂರಕ್ಷಣಾ ಕಾಯಿದೆಯು 10 ಕೋಟಿಗೂ ಹೆಚ್ಚು ಎಕರೆ ಭೂಮಿಗೆ ರಕ್ಷಣೆ ನೀಡಿ, ಆರ್ಕ್ಟಿಕ್ ಆಶ್ರಯತಾಣವನ್ನೂ ವಿಸ್ತರಿಸಿತು. ಆದರೆ ಅದರ ಕರಾವಳಿ ಬಯಲಿನಲ್ಲಿ ತೈಲ ತೆಗೆಯುವ ಪ್ರಶ್ನೆಯನ್ನು ಅದು ಸಂಸತ್ತಿನ ಮುಂದಿನ ತೀರ್ಮಾನಕ್ಕೆ ಬಿಟ್ಟಿತು. ಕ್ಯಾರಿಬೂಗಳು ಮರಿ ಹಾಕುವ ಆ ಬಯಲಿನ ವಿವಾದ ಮಾರ್ಗರೆಟ್ ಅವರ ಜೀವಿತಾವಧಿಯಲ್ಲಿ ಮುಗಿಯಲಿಲ್ಲ.

ಕೃತಿಗಳು ಮತ್ತು ಗೌರವಗಳು

'ಟೂ ಇನ್ ದಿ ಫಾರ್ ನಾರ್ತ್' (1962) ಇವರ ಪ್ರಸಿದ್ಧ ಆತ್ಮಕಥನ. ಪತಿಯೊಡನೆ ರಚಿಸಿದ 'ವಾಪಿಟಿ ವೈಲ್ಡರ್‌ನೆಸ್' 1966ರಲ್ಲಿ ಪ್ರಕಟವಾಯಿತು. 1998ರಲ್ಲಿ ಅಧ್ಯಕ್ಷ ಬಿಲ್ ಕ್ಲಿಂಟನ್ ಇವರಿಗೆ ಸ್ವಾತಂತ್ರ್ಯ ಪದಕವನ್ನು ಪ್ರದಾನ ಮಾಡಿದರು. ಮೂಸ್‌ನಲ್ಲಿ ತಮ್ಮ 101ನೆಯ ವಯಸ್ಸಿನಲ್ಲಿ ನಿಧನರಾದರು. ಇವರು ಬಾಳಿದ ಮ್ಯೂರಿ ರಾಂಚ್ ಇಂದು ರಾಷ್ಟ್ರೀಯ ಐತಿಹಾಸಿಕ ಸ್ಮಾರಕವಾಗಿದೆ.