ಸಲ್ಫಾ ಅಲರ್ಜಿ ಇದ್ದವರು ಬೆಳ್ಳುಳ್ಳಿ ಬಿಡಬೇಕೇ? ಆ ಮದ್ದು ಕೊಟ್ಟ ಡೊಮಾಕ್ ಅವರ ಕಥೆ

ಹನೂರು ತಾಲ್ಲೂಕಿನ ರಾಮಾಪುರದ ಓದುಗರೊಬ್ಬರು ಒಂದು ವಾಟ್ಸಾಪ್ ಫಾರ್ವರ್ಡ್ ಕಳಿಸಿ, ಇದು ನಿಜವೇ ಎಂದು ಕೇಳಿದ್ದಾರೆ. ಸಲ್ಫಾ ಮಾತ್ರೆ ಒಗ್ಗದವರಿಗೆ ಗಂಧಕವೇ ವಿಷ, ಅವರು ಈರುಳ್ಳಿ, ಬೆಳ್ಳುಳ್ಳಿ, ಮೊಟ್ಟೆ ಮುಟ್ಟಬಾರದು ಎಂದು ಅದರಲ್ಲಿದೆ. ಇದು ತಪ್ಪು. ಯಾಕೆಂದು ತಿಳಿಯಲು ಈ ಮದ್ದಿನ ಹಿಂದಿನ ವೈದ್ಯರ ಬದುಕನ್ನು ನೋಡೋಣ.

ಯುದ್ಧಭೂಮಿಯಲ್ಲಿ ಕಂಡದ್ದು

ಗೆರ್ಹಾರ್ಡ್ ಡೊಮಾಕ್ ಹುಟ್ಟಿದ್ದು 1895ರಲ್ಲಿ, ಜರ್ಮನಿಯಲ್ಲಿ. ವೈದ್ಯಕೀಯ ಓದುತ್ತಿದ್ದಾಗಲೇ ಮೊದಲ ಮಹಾಯುದ್ಧ ಶುರುವಾಯಿತು. ಸೈನ್ಯ ಸೇರಿ ಗಾಯಗೊಂಡರು, ಆಮೇಲೆ ಸೇನೆಯ ಆಸ್ಪತ್ರೆಗಳಲ್ಲಿ ದುಡಿದರು. ಆಪರೇಷನ್ ಸರಿಯಾಗಿ ಆದರೂ ಗಾಯಕ್ಕೆ ನಂಜೇರಿ ಸೈನಿಕರು ಸಾಯುವುದನ್ನು ಕಣ್ಣಾರೆ ಕಂಡರು.

ಕೆಂಪು ಬಣ್ಣದಿಂದ ಮದ್ದು

1927ರಲ್ಲಿ ಅವರು ಬೇಯರ್ ಪ್ರಯೋಗಾಲಯ ಸೇರಿದರು. ಅಲ್ಲಿ ಕ್ಲಾರರ್ ಮತ್ತು ಮೀಚ್ ಎಂಬ ರಸಾಯನಶಾಸ್ತ್ರಜ್ಞರು ಗಂಧಕವಿರುವ ಒಂದು ಕೆಂಪು ಬಣ್ಣ ತಯಾರಿಸಿದರು. 1932ರ ಡಿಸೆಂಬರ್‌ನಲ್ಲಿ ಡೊಮಾಕ್ ಅದನ್ನು ಸೋಂಕು ತಗಲಿಸಿದ ಇಲಿಗಳಿಗೆ ಕೊಟ್ಟರು. ಮದ್ದು ಸಿಕ್ಕ ಇಲಿಗಳು ಉಳಿದವು, ಸಿಗದವು ಸತ್ತವು. ಅದೇ ಪ್ರಾಂಟೋಸಿಲ್.

ಮುಂದೆ ಅವರ ಪುಟ್ಟ ಮಗಳ ಕೈಗೇ ಸೂಜಿ ಚುಚ್ಚಿ ನಂಜೇರಿತು. ಕೈ ಕತ್ತರಿಸಬೇಕಾದ ಸ್ಥಿತಿ. ಅಪ್ಪ ತಮ್ಮದೇ ಮದ್ದು ಕೊಟ್ಟರು. ಮಗಳೂ ಉಳಿದಳು, ಕೈಯೂ ಉಳಿಯಿತು.

ಕೆಲಸ ಮಾಡುವುದು ಹೇಗೆ?

ಪ್ರಾಂಟೋಸಿಲ್ ದೇಹದೊಳಗೆ ಒಡೆದು ಸಲ್ಫನಿಲಮೈಡ್ ಆಗುತ್ತದೆ, ಸೋಂಕಿನ ಮೇಲೆ ಕೆಲಸ ಮಾಡುವುದು ಅದೇ ಎಂದು 1935ರಲ್ಲಿ ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಯವರು ತೋರಿಸಿದರು. ಬ್ಯಾಕ್ಟೀರಿಯಾ ಫೋಲಿಕ್ ಆಮ್ಲ ತಯಾರಿಸಲು ಬಳಸುವ ವಸ್ತುವನ್ನೇ ಇದು ಹೋಲುತ್ತದೆ. ಮೋಸಹೋದ ಬ್ಯಾಕ್ಟೀರಿಯಾ ಬೆಳೆಯಲಾಗದೆ ನಿಲ್ಲುತ್ತದೆ. ನಮಗೆ ಫೋಲೇಟ್ ಸೊಪ್ಪು, ಕಾಳುಗಳಿಂದ ಸಿಗುವುದರಿಂದ ಆ ತೊಂದರೆ ಇಲ್ಲ.

ನೊಬೆಲ್ ಬಂತು, ಜೈಲೂ ಬಂತು

1939ರಲ್ಲಿ ಡೊಮಾಕ್‌ಗೆ ನೊಬೆಲ್ ಘೋಷಣೆಯಾಯಿತು. ಜರ್ಮನ್ನರು ನೊಬೆಲ್ ಪಡೆಯುವುದನ್ನು ಹಿಟ್ಲರ್ ನಿಷೇಧಿಸಿದ್ದ. ಗುಪ್ತ ಪೊಲೀಸರು ಅವರನ್ನು ಬಂಧಿಸಿ, ಬಹುಮಾನ ನಿರಾಕರಿಸುವಂತೆ ಮಾಡಿದರು. 1947ರಲ್ಲಿ ಪದಕ ಕೈಸೇರಿತು, ಹಣ ಸಿಗಲಿಲ್ಲ. ಕ್ಷಯರೋಗಕ್ಕೂ ಅವರು ಗಂಧಕವಿರುವ ಇನ್ನೊಂದು ಮದ್ದು ಕೊಟ್ಟರು. ಥಯಾಸಿಟಾಝೋನ್ ಎಂಬ ಅದನ್ನು ಭಾರತದಲ್ಲೂ ದಶಕಗಳ ಕಾಲ ಬಳಸಿದರು. 1964ರಲ್ಲಿ ತೀರಿಕೊಂಡರು.

ಹಾಗಾದರೆ ಬೆಳ್ಳುಳ್ಳಿ?

ಧೈರ್ಯವಾಗಿ ತಿನ್ನಿ. ಸಲ್ಫಾ ಅಲರ್ಜಿ ಬರುವುದು ಆ ಮದ್ದಿನ ರಚನೆಯಿಂದ, ಗಂಧಕದಿಂದಲ್ಲ. ನಮ್ಮ ಕೂದಲು, ಉಗುರಿನಲ್ಲೂ ಗಂಧಕವಿದೆ. ಆದರೆ ಅಲರ್ಜಿ ಸುಳ್ಳಲ್ಲ. ಮಾತ್ರೆ ನುಂಗಿದ ಮೇಲೆ ಮೈಯೆಲ್ಲ ದದ್ದು, ಬಾಯಲ್ಲಿ ಗುಳ್ಳೆ ಎದ್ದರೆ ಕೂಡಲೇ ಆಸ್ಪತ್ರೆಗೆ ಹೋಗಿ. ಆ ಮಾತ್ರೆಯ ಹೆಸರು ಬರೆದಿಟ್ಟುಕೊಂಡು, ಪ್ರತಿ ಸಲ ಡಾಕ್ಟರಿಗೆ ಹೇಳಿ. ಫಾರ್ವರ್ಡ್ ಮಾಡುವುದಾದರೆ ಇದನ್ನು ಮಾಡಿ.